ಹಳದಿ ಪ್ರತಿ

ನಮ್ಮ ಮನೆಗೆ ಯಾವ ವಸ್ತುವೂ ನನ್ನ ತಪಾಸಣೆಯಿಲ್ಲದೆ ಒಳಗೆ ಬಂದದ್ದಿಲ್ಲ. ತೆಂಗಿನಕಾಯಿಯನ್ನು ಕುಲುಕಿ ನೋಡುತ್ತೇನೆ, ಕುಕ್ಕರಿನ ರಬ್ಬರನ್ನು ಎಳೆದು ನೋಡುತ್ತೇನೆ, ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಕನ್ನು ಎರಡು ಸಲ ಓದುತ್ತೇನೆ. ಜಿಗಣಿಯ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿರುವವನಿಗೆ ಇದು ವೃತ್ತಿಧರ್ಮ. (ರೋಗ ಎನ್ನುವುದು ನನ್ನ ಹೆಂಡತಿ ನೀಲಾಂಬಿಕಾಳ ಅಭಿಪ್ರಾಯ.) ಹೊರಗಿನಿಂದ ಬಂದ ಮಾಲು ಸರಿಯಿದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು ಚೀಟಿ, ತಿದ್ದಿದರೆ ನಡೆದೀತು ಎನ್ನುವಂತಿದ್ದರೆ 'ರೀವರ್ಕ್' ಎಂದು ಮೊಹರು. ಇಷ್ಟೇ ನನ್ನ ಜೀವನದರ್ಶನ. ಇದನ್ನು ಮನೆಯ ವಿಷಯಕ್ಕೆ ಬಳಸಿದ್ದು ನನ್ನ ತಪ್ಪು. ಒಪ್ಪಿಕೊಂಡಿದ್ದೇನೆ, ಈಗ ಒಪ್ಪಿಕೊಳ್ಳುವುದೇ ನನ್ನ ಕೆಲಸವಾಗಿದೆ.

ಮಗಳು ಕಾವ್ಯಾ ಈ ವರ್ಷ ಒಂದನೇ ತರಗತಿ. ಎಲ್‌ಕೆಜಿ, ಯುಕೆಜಿ ಎರಡನ್ನೂ ನಮ್ಮ ರಸ್ತೆಯ ಕೊನೆಯಲ್ಲಿರುವ ಈಶ್ವರಮ್ಮ ಮಿಸ್ಸಿನ ಶಾಲೆಯಲ್ಲಿ ಮುಗಿಸಿದ್ದಳು. ಶೀಟಿನ ಮಾಡು, ಅಂಗಳದಲ್ಲೊಂದು ಹುಣಸೆ ಮರ. ಮಗುವಿಗೆ ನೆಗಡಿಯಾಗಿ ಒಂದು ದಿನ ತಪ್ಪಿಸಿದರೆ ಮಿಸ್ಸೇ ಫೋನು ಮಾಡಿ ಮೆಣಸಿನ ಕಷಾಯ ಕೊಟ್ಟಿರಾ ಎಂದು ಕೇಳುತ್ತಾರೆ. ಅಲ್ಲಿ ಏಳನೇ ತರಗತಿಯವರೆಗೂ ಇದೆ, ನನಗೆ ಅಷ್ಟು ಸಾಕಾಗಿತ್ತು.

ನೀಲಾಂಬಿಕಾಗೆ ಸಾಕಾಗಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ದಿನಾ ಬೆಳಗ್ಗೆ ಒಂದು ಹವಾನಿಯಂತ್ರಿತ ಬಸ್ಸು ಬರುತ್ತದೆ. ಅದರ ಶಾಲೆಯ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೆದರಿಕೆಯಿಂದಲ್ಲ, ಅಷ್ಟುದ್ದದ ಹೆಸರನ್ನು ಹೇಳಿ ಮುಗಿಸುವಷ್ಟು ದಮ್ಮು ನನ್ನಲ್ಲಿ ಉಳಿದಿಲ್ಲ. ಶುಲ್ಕವನ್ನೂ ಹೇಳುವುದಿಲ್ಲ. ಅದನ್ನು ಕೇಳಿದ ದಿನ ನಾನು ರೊಟ್ಟಿಗೆ ಪಲ್ಯ ಹಾಕಿಕೊಳ್ಳುವುದನ್ನೇ ಮರೆತಿದ್ದೆ.

"ಇಲ್ಲಿನ ಮಕ್ಕಳೆಲ್ಲ ಅಲ್ಲಿಗೇ ಹೋಗ್ತವೆ ರೀ. ಸಂಜೆ ಆಡೋಕೆ ಹೋದ್ರೆ ಅವರ ಮಾತು ಇವಳಿಗೆ ತಿಳಿಯಲ್ಲ. ಬೆಂಚಿನ ಮೇಲೆ ಒಬ್ಳೇ ಕೂತು ಕಾಲಾಡಿಸ್ತಿರ್ತಾಳೆ. ನೀವು ಯಾವತ್ತಾದ್ರೂ ನೋಡಿದೀರಾ?" ಎಂದಳು.

ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ. ಆದರೆ ಹೆಂಡತಿಯ ಮಾತು ನಿಜವೆಂದು ತಕ್ಷಣ ಒಪ್ಪಿಕೊಳ್ಳುವುದು ಗಂಡಸರ ಸಂಪ್ರದಾಯವಲ್ಲವಲ್ಲ. ಆದ್ದರಿಂದ, ಭಾವನೆ ಬೇಡ, ಶಾಲೆಯ ಗುಣ ದೋಷಗಳನ್ನು ವೈಜ್ಞಾನಿಕವಾಗಿ ತೂಗಿ ನೋಡೋಣ ಎಂದು ಘೋಷಿಸಿದೆ. ಅವಳು ಹಣೆಗೆ ಕೈ ಹಚ್ಚಿಕೊಂಡು ಒಳಗೆ ಹೋದಳು.

ಇಷ್ಟಕ್ಕೂ ಒಳಗಿನ ಸಂಗತಿ ಬೇರೆ ಇತ್ತು. ಆ ಶಾಲೆಯವರು ಮಗುವನ್ನು ಅರ್ಧ ಗಂಟೆ ಮಾತಾಡಿಸಿ ನೋಡಿಯೇ ಸೀಟು ಕೊಡುವುದಂತೆ. ಹತ್ತೊಂಬತ್ತು ವರ್ಷ ಬೇರೆಯವರ ಮಾಲಿಗೆ ಕೆಂಪು ಚೀಟಿ ಅಂಟಿಸಿದ ಕೈ ಇದು. ನನ್ನ ಮಗಳ ಮೇಲೆ ಯಾರಾದರೂ ಒಂದು ಅಂಟಿಸಿಬಿಟ್ಟರೆ? ಅಪರಿಚಿತರ ಮುಂದೆ ಅವಳು ಬಾಯಿ ಬಿಡುವುದೇ ಇಲ್ಲ, ಬಿಟ್ಟರೂ ಕನ್ನಡ. ಅವರು ಬೇಡ ಎನ್ನುವುದಕ್ಕೆ ಮುಂಚೆ ನಾವೇ ಬೇಡ ಎಂದುಬಿಟ್ಟರೆ ಯಾರಿಗೂ ನೋವಿಲ್ಲ, ಇದು ನನ್ನ ಲೆಕ್ಕಾಚಾರ.

ಕಾರ್ಖಾನೆಯ ಸ್ಟೋರಿನ ವೆಂಕಟೇಶಪ್ಪನ ಹತ್ತಿರ ಹೋಗಿ, ಶಾಲೆಯೊಂದನ್ನು ನೋಡಬೇಕಿದೆ ಎಂದು ಹೇಳಿ, ಮಾಲು ಸರಬರಾಜು ಮಾಡುವವರನ್ನು ಪರೀಕ್ಷಿಸುವ ಫಾರಂ ಪ್ಯಾಡ್ ಒಂದನ್ನು ಕೇಳಿದೆ. ಮೂರು ಹಾಳೆ, ನಡುವೆ ಕಾರ್ಬನ್. ಬಿಳಿ ಪ್ರತಿ ನಮಗೆ, ಗುಲಾಬಿ ಕಡತಕ್ಕೆ, ಹಳದಿ ಪ್ರತಿ ಸರಬರಾಜುದಾರನಿಗೆ. ಕಂಡ ದೋಷವನ್ನು ಬರೆದು ಹಳದಿ ಪ್ರತಿಗೆ ಅವನ ಸಹಿ ಹಾಕಿಸಿ ಕೊಟ್ಟರೆ, ಏಳು ದಿನದೊಳಗೆ ಅವನು ಏನು ಸರಿಪಡಿಸಿದೆ ಎಂದು ಉತ್ತರ ಕೊಡಬೇಕು.

"ಇಸ್ಕೂಲಿಗೂ ಇದೇನಾ ಸಾರ್?" ಎಂದು ವೆಂಕಟೇಶಪ್ಪ ಕನ್ನಡಕದ ಮೇಲಿನಿಂದ ನೋಡಿದ. "ಅಂಗಾದ್ರೆ ಎಣ್ಣು ನೋಡೋಕ್ ಓದಾಗ್ಲೇ ಒಂದ್ ಪ್ಯಾಡ್ ತಗೊಂಡ್ ಓಗ್ಬೇಕಿತ್ತು ನೀವು."

ಶನಿವಾರ ಮೂವರೂ ಹೋದೆವು. ನಮ್ಮನ್ನು ಎದುರುಗೊಂಡವರು ಪ್ರವೇಶ ವಿಭಾಗದ ಮುಖ್ಯಸ್ಥೆ. ಎಲ್ಲರೂ ಅವರನ್ನು 'ಡ್ಯಾನಿ ಮ್ಯಾಮ್' ಎನ್ನುತ್ತಿದ್ದರು. ಎಂಥ ಇಂಗ್ಲಿಷು ಅಂತೀರಿ, ನಾನು ಮೂರು ವಾಕ್ಯಕ್ಕೊಮ್ಮೆ ತಲೆಯಾಡಿಸಿ ಸಾಲ ತೀರಿಸುತ್ತಿದ್ದೆ. ಇನ್ನೊಬ್ಬ ಟೀಚರು ಬಂದು ಕಾವ್ಯಾಳ ಕೈ ಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಮಗು ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿತು. ನಾನು ಬೇಗ ಪ್ಯಾಡ್ ತೆಗೆದು ಕೆಲಸಕ್ಕಿಳಿದೆ.

ಬೆಂಚಿನ ಅಂಚುಗಳ ಮೇಲೆ ಹೆಬ್ಬೆರಳಾಡಿಸಿದೆ, ಚೂಪು. ಶೌಚಾಲಯದ ನಲ್ಲಿ ತಿರುಗಿಸಿದೆ, ತೊಟ್ಟಿಕ್ಕುತ್ತಿತ್ತು. ಬಸ್ಸಿನ ಕೆಳಗೆ ಬಗ್ಗಿ ಟಯರು ನೋಡುತ್ತಿದ್ದಾಗ ನೀಲಾಂಬಿಕಾ ನನ್ನ ಅಂಗಿ ಹಿಡಿದು ಎಳೆದಳು. ಮನೆಯಿಂದ ಬಸ್ಸಿನ ಪ್ರಯಾಣ ಒಂದು ಗಂಟೆ, ದೋಷ. ಒಂದನೇ ತರಗತಿಯ ಮೂವರು ಟೀಚರುಗಳಲ್ಲಿ ಇಬ್ಬರು ಹೊಸಬರು, ಹಳಬರೆಲ್ಲಿ ಎಂದರೆ ಮ್ಯಾಮ್ ನಕ್ಕರು, ಅದೂ ದೋಷ. ಕನ್ನಡಕ್ಕೆ ದಿನಕ್ಕೆ ನಲವತ್ತು ನಿಮಿಷ, ಆಮೇಲೆ ಅದಕ್ಕೆ ಬೀಗ. ಕ್ಯಾಂಟೀನಿನಲ್ಲಿ ತಟ್ಟೆ ಇಡ್ಲಿಗೆ ಫೋರ್ಕು. ನನಗೆ ಉತ್ಸಾಹ ಬಂದುಬಿಟ್ಟಿತ್ತು.

ಆದರೆ ಸುಳ್ಳು ಬರೆಯುವುದು ನನ್ನಿಂದಾಗದು. ಗ್ರಂಥಾಲಯದಲ್ಲಿ ಮಕ್ಕಳು ನೆಲದ ಮೇಲೆ ಬೋರಲು ಮಲಗಿ ಓದುತ್ತಿದ್ದವು, ಏಳ್ರೋ ಎಂದು ಗದರುವವರೇ ಇಲ್ಲ. ಒಬ್ಬ ಹುಡುಗಿ ಟೀಚರನ್ನು 'ಯಾಕೆ' ಎಂದು ಮೂರು ಸಲ ಕೇಳಿದಳು, ಟೀಚರು ಮೂರು ಸಲವೂ ಬೇಸರವಿಲ್ಲದೆ ಉತ್ತರ ಕೊಟ್ಟರು. (ನಮ್ಮ ಮನೆಯಲ್ಲಿ ಎರಡನೇ 'ಯಾಕೆ'ಗೆ ನಾನು ಪೇಪರು ಎತ್ತಿಕೊಳ್ಳುತ್ತೇನೆ.) ಇವೆರಡನ್ನೂ ಗುಣದ ಕಡೆ ಬರೆದೆ. ನಮ್ಮ ಫಾರಮ್ಮಿನಲ್ಲಿ ಖಾಲಿ ಬಿಡುವ ಹಾಗಿಲ್ಲವಾದ್ದರಿಂದ ಉಳಿದ ಕಾಲಂಗಳನ್ನೂ ತುಂಬಿದೆ. 'ಖರೀದಿಗೆ ಕಾರಣ': ಹೆಂಡತಿಯ ಒತ್ತಡ. 'ಅಪಾಯದ ಸಾಧ್ಯತೆ': ಇಲ್ಲಿ ಮಗು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡೀತು. ಇವರು ಅವಳನ್ನು ಬೇಡ ಅಂದರೆ ನಾನು ತಡೆಯಲಾರೆ. ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೆ, ಇವರಲ್ಲಿ ಓದುವವರು ಯಾರಿದ್ದಾರೆ ಎಂಬ ಭಂಡ ಧೈರ್ಯ.

ಹೊರಡುವಾಗ ನಡೆದದ್ದಕ್ಕೆ ನಾನು ಹೊಣೆಯಲ್ಲ, ನನ್ನ ಕೈ ಹೊಣೆ. ಪರೀಕ್ಷೆ ಮುಗಿದ ಕೂಡಲೇ ಹತ್ತೊಂಬತ್ತು ವರ್ಷ ಮಾಡಿದ್ದನ್ನೇ ಅದು ಮಾಡಿತು. ಮ್ಯಾಮ್ ಮುಂದೆ ಪ್ಯಾಡ್ ಹಿಡಿದು, "ಇಲ್ಲೊಂದು ಸಹಿ, ತಾರೀಕು" ಎಂದು ಹಾಕಿಸಿಕೊಂಡು, ಹಳದಿ ಪ್ರತಿಯನ್ನು ಪರ್ರೆಂದು ಹರಿದು ಅವರ ಕೈಗೇ ಕೊಟ್ಟೆ. ಕೊಟ್ಟ ಮೇಲೆ ಎಚ್ಚರವಾಯಿತು.

ಅವರು ಓದತೊಡಗಿದರು. ಗಟ್ಟಿಯಾಗಿ. "ಖರೀದಿಗೆ ಕಾರಣ, ಹೆಂಡತಿಯ ಒತ್ತಡ." ನೀಲಾಂಬಿಕಾಳ ಮುಖ ನೋಡುವ ಧೈರ್ಯವಾಗದೆ ನಾನು ಮೂಲೆಯಲ್ಲಿದ್ದ ಮೀನಿನ ತೊಟ್ಟಿಯನ್ನು ನೋಡಿದೆ. ಮುಂದಿನ ಸಾಲಿಗೆ ಬಂದಾಗ ಮ್ಯಾಮ್ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿ ಮನಸ್ಸಿನಲ್ಲೇ ಓದಿಕೊಂಡು, ಹಾಳೆಯನ್ನು ನೀಲಾಂಬಿಕಾಳ ಕಡೆ ತಿರುಗಿಸಿ ಹಿಡಿದರು.

"ನನ್ನ ಹೆಸರು ದಾನೇಶ್ವರಿ ರೀ, ಸರ್. ಬಾದಾಮಿ ಕಡಿಯಾಕಿ. ಕನ್ನಡ ಸಾಲ್ಯಾಗ ಕಲತಾಕಿ," ಎಂದರು. "ಏಳ ದಿನದಾಗ ಉತ್ತರ ಕಳಸ್ತೀನಿ."

ಸ್ಕೂಟರು ಮನೆಯ ಗೇಟಿನ ಹತ್ತಿರ ಬಂದಾಗ ನೀಲಾಂಬಿಕಾ ಹಿಂದಿನಿಂದ ಕೇಳಿದಳು, "ಅಲ್ಲ, ಮಗು ಬಗ್ಗೆ ಅಷ್ಟು ಹೆದರಿಕೆ ಇತ್ತಲ್ಲ, ನನಗೆ ಹೇಳೋಕೆ ಏನಾಗಿತ್ತು? ಅದಕ್ಕೂ ಫಾರಂ ಬೇಕಿತ್ತಾ?" ನಾನು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದೆ. ಆ ವಾರ ಬರೀ ಅನ್ನ, ತಿಳಿಸಾರು.

ಏಳನೇ ದಿನ ಉತ್ತರ ಬಂತು. ಹತ್ತೊಂಬತ್ತು ವರ್ಷದಲ್ಲಿ ಯಾವ ಸರಬರಾಜುದಾರನೂ ಹೇಳಿದ ದಿನಕ್ಕೆ ಉತ್ತರ ಕೊಟ್ಟವನಲ್ಲ. ನಲ್ಲಿ ರಿಪೇರಿಯಾಗಿದೆ, ಬೆಂಚಿನ ಅಂಚು ಉಜ್ಜಿಸಲಾಗಿದೆ, ಟೀಚರುಗಳ ಬಗ್ಗೆ 'ಪ್ರಯತ್ನಿಸುತ್ತಿದ್ದೇವೆ.' (ಎಲ್ಲ ಸರಬರಾಜುದಾರರೂ ಕೈಲಾಗದ ಕಡೆ ಬರೆಯುವ ಮಾತು ಇದು.) ಅದರ ಕೆಳಗೆ ಅವರದೇ ಪರೀಕ್ಷೆಯ ಫಲಿತಾಂಶ. ನಾನು ಟಯರು ನೋಡುತ್ತಿದ್ದಾಗ ಅವರು ನಮ್ಮನ್ನು ನೋಡುತ್ತಿದ್ದರಂತೆ. ಅಲ್ಲಿ ತಂದೆ ತಾಯಿಗೂ ಪರೀಕ್ಷೆಯಂತೆ.

ನೀಲಾಂಬಿಕಾ ಓದಿ ಹೇಳಿದಳು. ಮಗು ಅರ್ಧ ಗಂಟೆಯೂ ಕನ್ನಡದಲ್ಲೇ ಮಾತಾಡಿ, ಅಲ್ಲಿದ್ದ ಮೂರು ಮಕ್ಕಳಿಗೆ ಕುಂಟೆಬಿಲ್ಲೆ ಹೇಳಿಕೊಟ್ಟಿದ್ದಾಳೆ. ಆಯ್ಕೆಯಾಗಿದೆ. ತಾಯಿ ಸಮಾಧಾನಿ, ತೃಪ್ತಿಕರ. ತಂದೆ ಮಗುವಿಗೆ ಅವಕಾಶ ಸಿಗುವ ಮೊದಲೇ ದೋಷ ಹುಡುಕುತ್ತಾರೆ, ಪೋಷಕರ ತರಗತಿಗೆ ಆರು ಶನಿವಾರ ಬರತಕ್ಕದ್ದು, ಆನಂತರವೇ ಸೀಟು ಖಾಯಂ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ರೀವರ್ಕ್.

"ಅಪ್ಪಾ, ನಾನು ಪಾಸಾ?" ಎಂದಳು ಕಾವ್ಯಾ.

"ಪಾಸು ಪುಟ್ಟಿ." ಎತ್ತಿಕೊಂಡು ಎರಡು ಸುತ್ತು ತಿರುಗಿಸಿದೆ. ಶಾಲೆ ಬೇಡ ಎಂದು ಹೇಳಲು ಆರಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಈಗ ನಾಲ್ಕು ಶನಿವಾರ ಮುಗಿದಿವೆ. ವಾರಪೂರ್ತಿ ದುಡಿದ ಮೈಯನ್ನು ಮಂಡಿಯೆತ್ತರದ ಕುರ್ಚಿಯಲ್ಲಿ ಮಡಚಿಕೊಂಡು, ಮಕ್ಕಳ ಮಾತನ್ನು ನಡುವೆ ಬಾಯಿ ಹಾಕದೆ ಕೇಳುವುದು ಹೇಗೆಂದು ಕಲಿಯುತ್ತಿದ್ದೇನೆ. ದಾನೇಶ್ವರಿ ಮೇಡಂಗೆ ನಮ್ಮ ಫಾರಂ ಬಹಳ ಹಿಡಿಸಿ, ಅದೇ ಮಾದರಿಯಲ್ಲಿ ಪ್ರತಿ ಶನಿವಾರ ಪೋಷಕರ ಗುಣ ದೋಷ ಬರೆಯಲೂ ಅಚ್ಚು ಹಾಕಿಸಿದ್ದಾರೆ. ಬಿಳಿ ಪ್ರತಿ ಶಾಲೆಗೆ, ಗುಲಾಬಿ ಕಡತಕ್ಕೆ, ಹಳದಿ ಪ್ರತಿ ಮನೆಗೆ. ನಾನೇ ಜೇಬಿನಲ್ಲಿಟ್ಟುಕೊಂಡು ಬಂದು ಕೊಡಬೇಕು. ನೀಲಾಂಬಿಕಾ ತಾರೀಕನ್ನು ಎರಡು ಸಲ ಓದಿ, ಸಹಿ ಹಾಕಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾಳೆ.

ಮೊನ್ನೆ ಕಾವ್ಯಾ ನನ್ನ ಚೀಲದಿಂದ ಚೀಟಿಗಳ ಕಟ್ಟು ತೆಗೆದು ಆಡುತ್ತಿದ್ದಳು. ಅಮ್ಮನ ಕೈಗೊಂದು ಹಸಿರು ಅಂಟಿಸಿದಳು, ತನ್ನ ಹಣೆಗೊಂದು ಅಂಟಿಸಿಕೊಂಡಳು. ಮೂರನೆಯದನ್ನು ಹಿಡಿದು ನನ್ನ ಕಡೆ ಬಂದವಳು ನಡುವೆ ನಿಂತಳು.

"ಅಮ್ಮಾ, ಅಪ್ಪಂಗೂ ಹಸಿರೇನಾ?"

ನೀಲಾಂಬಿಕಾ ಫ್ರಿಜ್ಜಿನ ಬಾಗಿಲನ್ನೊಮ್ಮೆ ನೋಡಿ, ಸೌಟು ತಿರುಗಿಸುತ್ತಲೇ ಹೇಳಿದಳು, "ತಡಿ ಪುಟ್ಟಿ, ಇನ್ನೂ ಎರಡು ಶನಿವಾರ ಹೋಗ್ಲಿ."