ಅಫ್ರೇಡ್ ಗ್ಯಾಸ್

ಸುಂದರವ್ವ ಎರಡನೆಯ ರೊಟ್ಟಿಯನ್ನು ಹಂಚಿಗೆ ಹಾಕಿದ್ದಳಷ್ಟೇ, ಫೋನು ಕೂಗಿತು. ಮಗಳು ಮಂಗಲಾಳ ಶಾಲೆಯಿಂದ ಇಂಗ್ಲಿಷಿನಲ್ಲಿ ಸಂದೇಶ. ಮಗಳು ಆಗಲೇ ಶಾಲೆಗೆ ಹೋಗಿದ್ದಳು. ದುಡಿಯಲು ಗೋವೆಗೆ ಕರೆತಂದ ಗಂಡ ಕಂಠೆಪ್ಪ ಮಡ್ಕಯಿಯ ಕಾರ್ಖಾನೆಯಲ್ಲಿ. ಅಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಹಿಟ್ಟಿನ ಕೈಯಲ್ಲೇ ಪಕ್ಕದ ಮನೆಯ ಥಾವರಪ್ಪನ ಬಳಿಗೆ ಓಡಿದಳು.

ಥಾವರಪ್ಪ ಟೆಂಪೊ ಓಡಿಸುವವನು. ರಸ್ತೆಯ ಫಲಕಗಳನ್ನು ಓದಿ ಓದಿಯೇ ಇಂಗ್ಲಿಷ್ ಕಲಿತೆನೆಂದು ಅವನ ಹೆಮ್ಮೆ. ಫೋನನ್ನು ದೂರ ಹಿಡಿದ, ಹತ್ತಿರ ಹಿಡಿದ.

"ಸಣ್ಣ ಸಣ್ಣ ಶಬ್ದ ಬಿಡಬೇಕ್ ತಂಗೀ, ದೊಡ್ಡವಷ್ಟ ಹಿಡೀಬೇಕು. ಇವತ್ತು... ಶಾಲಿ... ಸೈರನ್... ಮಕ್ಕಳು... ಅಫ್ರೇಡ್."

"ಅಫ್ರೇಡ್ ಅಂದ್ರ ಏನ್ರಿ ಅಣ್ಣಾ?"

ಗೊತ್ತಿಲ್ಲ ಎಂಬ ಮಾತು ಥಾವರಪ್ಪನ ಬಾಯಿಗೆ ಬಾರದು. "ಸೈರನ್ ಯಾವಾಗ ಹೊಡೀತಾರ? ಗ್ಯಾಸ್ ಸೋರಿದಾಗ. ಇದು ಆ ಗ್ಯಾಸಿನ ಹೆಸರು."

ಎದುರು ಮನೆಯ ಹಜರತಬಿ ಮೂಗೆತ್ತಿ, ವಾಸನೆ ಆಗಲೇ ಬರುತ್ತಿದೆ ಎಂದಳು. ಗ್ಯಾಸಿಗೆ ಬೆಂಕಿ ತಾಗೀತೆಂದು ಓಡಿಹೋಗಿ ಸುಂದರವ್ವನ ಒಲೆ ಆರಿಸಿ, ಇದ್ದಿಲಾದ ರೊಟ್ಟಿಯನ್ನು ಹಿಡಿದು ಬಂದಳು.

"ನೋಡ್ರಿ, ರೊಟ್ಟಿ ಸುದ್ಧಾ ಕರ್ರಗಾಗೇತಿ. ಕೂಸುಗಳ ಗತಿ ಏನ್ರಿ?"

ಬೆಳಗ್ಗೆ ಜಡೆ ಹಾಕುವಾಗ ಮಗಳನ್ನು ಗದರಿದ್ದು ನೆನಪಾಗಿ ಸುಂದರವ್ವ ಹಗ್ಗದ ಮೇಲಿನ ಟವೆಲ್ ಎಳೆದು ನೀರಿಗೆ ಅದ್ದಿದಳು. ಓಣಿಯ ತಾಯಂದಿರೆಲ್ಲ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಟೆಂಪೊ ಹತ್ತಿದರು. ದಾರಿಯುದ್ದಕ್ಕೂ ಯಾರೂ ದೊಡ್ಡದಾಗಿ ಉಸಿರಾಡಲಿಲ್ಲ.

ಶಾಲೆಯ ಗೇಟು ತಲುಪುವುದಕ್ಕೂ ಸೈರನ್ ಕೂಗುವುದಕ್ಕೂ ಸರಿಹೋಯಿತು. ಮಕ್ಕಳು ಸಾಲಾಗಿ, ನಗುನಗುತ್ತ ಹೊರಗೆ ಬರುತ್ತಿದ್ದರು. ಸುಂದರವ್ವ "ಅಫ್ರೇಡ್, ಅಫ್ರೇಡ್" ಎಂದು ಕಿರುಚುತ್ತ ನುಗ್ಗಿ, ಮಗಳ ತಲೆಗೆ ಒದ್ದೆ ಟವೆಲ್ ಸುತ್ತಿ, ಎತ್ತಿಕೊಂಡು ಓಡಿದಳು. ಅದನ್ನು ಕಂಡ ಮಕ್ಕಳು ಹೋ ಎಂದು ಅಳುತ್ತ ದಿಕ್ಕಾಪಾಲಾದರು. ಸಾಲು ಚೆಲ್ಲಿದ ಜೋಳದಂತಾಯಿತು.

ಕೊನೆಗೆ ಟೀಚರ್ ಎಲ್ಲರನ್ನೂ ಕೂರಿಸಿ, ಸಮಾಧಾನದಿಂದಲೇ ಬಿಡಿಸಿ ಹೇಳಿದರು. ಇದು ಅಪಾಯ ಬಂದಾಗ ಹೊರಗೆ ಬರುವುದರ ಬರೀ ಅಭ್ಯಾಸ. ಇವತ್ತು ಶಾಲೆಯಲ್ಲಿ ಸೈರನ್ ಕೂಗುತ್ತದೆ, ಮಕ್ಕಳಾಗಲಿ ತಾಯಂದಿರಾಗಲಿ ಹೆದರಬಾರದು ಎಂದಷ್ಟೇ ಸಂದೇಶದಲ್ಲಿತ್ತು. ಈಗ ಅಭ್ಯಾಸ ಕೆಟ್ಟಿದ್ದರಿಂದ ನಾಳೆ ಮತ್ತೊಮ್ಮೆ ಸೈರನ್; ತಪ್ಪದೆ ಸಂದೇಶ ಕಳಿಸುತ್ತೇವೆ.

ಅಫ್ರೇಡ್ ಎಂದರೆ ಹೆದರುವುದು; ಅದರ ಜೊತೆಗಿದ್ದ 'ನಾಟ್', ಅಂದರೆ 'ಬಾರದು', ಥಾವರಪ್ಪ ಬಿಟ್ಟ ಸಣ್ಣ ಶಬ್ದಗಳಲ್ಲಿ ಸೇರಿತ್ತು. ಅವನು ಟೆಂಪೊದ ಕನ್ನಡಿ ಒರೆಸುವುದರಲ್ಲಿ ಮಗ್ನನಾದ.

ಆಗಿನಿಂದ ಅವ್ವನ ಸೆರಗು ಜಗ್ಗುತ್ತಿದ್ದ ಮಂಗಲಾ ಟವೆಲಿನಿಂದ ಮುಖ ಹೊರಗೆ ಹಾಕಿ, ಎಲ್ಲರಿಗೂ ಕೇಳುವಂತೆ ಕೇಳಿಯೇಬಿಟ್ಟಳು.

"ಅವ್ವಾ, ಅಫ್ರೇಡ್ ಅನ್ನೂದಕ್ಕ ಒಂದು ವಾಕ್ಯ ಬರ್ಕೊಂಡು ಬಾ ಅಂದಾರ ಟೀಚರ್. ನಿನ್ನ ಹೆಸರು ಹಾಕ್ಲೇನು?"