ಬಾಗಿಲ ಪಕ್ಕದ ಕೊಕ್ಕೆ

ತೊಂದರೆಗೆಲ್ಲ ಕಾರಣ ಒಂದು ಗ್ಯಾರೇಜು. ಮಾಲೀಕ ಅದನ್ನು ಕಾರಿರುವವರಿಗೆಂದು ಕಟ್ಟಿಸಿ, ಮೇಲಿನ ಮನೆಗಳಲ್ಲಿ ಮಾತ್ರ ಕಾರಿನ ಕನಸೂ ಬೀಳದವರನ್ನು ತುಂಬಿದ್ದ. ಹಾಗಾಗಿ ಒಂದು ಕಾರು ನಿಲ್ಲುವ ಜಾಗದಲ್ಲಿ ಇಡೀ ಕಟ್ಟಡದ ಸೈಕಲ್ಲುಗಳು, ಜಗಳವಾಡಿ ಸುಸ್ತಾದ ಕುಡುಕರಂತೆ ಒಂದರ ಹೆಗಲಿಗೊಂದು ಒರಗಿ ನಿಲ್ಲುತ್ತಿದ್ದವು.

ಅಲ್ಲಿನ ಪದ್ಧತಿ ಸರಳ. ಮೊದಲು ಮನೆಗೆ ಬಂದವನ ಸೈಕಲ್ಲು ಒಳಗೋಡೆಗೆ, ಕೊನೆಗೆ ಬಂದವನದು ಬಾಗಿಲಿಗೆ. ಬಿಸ್ಕತ್ತು ಕಾರ್ಖಾನೆಯ ಪ್ಯಾಕರ್‌ನದು ಬೆಳಗಿನ ಪಾಳಿ. ಎಲ್ಲರಿಗಿಂತ ಮೊದಲು ಮರಳುವವನೂ ಅವನೇ, ಮೊದಲು ಹೊರಡುವವನೂ ಅವನೇ. ಎಂದ ಮೇಲೆ ದಿನಬೆಳಗಾದರೆ ಊರವರ ಸೈಕಲ್ಲುಗಳನ್ನೆಲ್ಲ ಹೊರಗೆಳೆದು, ತನ್ನದನ್ನು ಬಿಡಿಸಿಕೊಂಡು, ಮತ್ತೆ ಎಲ್ಲವನ್ನೂ ಒಳಗೆ ತುರುಕಬೇಕು. ಯಾವುದಾದರೂ ಬೆಲ್ಲು ಕಿಣಿ ಎಂದರೆ ಮೇಲಿನಿಂದ ಬೈಗುಳ. ತಡವಾಗಿ ಹೋದರೆ ಫೋರ್‌ಮನ್ನನ ಬೈಗುಳ. ಇನ್ನೊಂದು ಸಲ ತಡವಾದರೆ ಎರಡನೇ ಪಾಳಿಗೆ ಎತ್ತಿಹಾಕುತ್ತೇನೆ ಎಂದು ಫೋರ್‌ಮನ್ ಎಲ್ಲರೆದುರೇ ಗುಡುಗಿದ್ದ. ಹೆಂಡತಿ ಹಗಲೆಲ್ಲ ಹೊಲಿಗೆ ಅಂಗಡಿಯಲ್ಲಿ, ಮಗಳು ಶಾಲೆಯಲ್ಲಿ. ಮೂವರೂ ಒಟ್ಟಿಗೆ ಕೂತು ಉಣ್ಣುವುದು ಸಂಜೆಯ ಹೊತ್ತು ಮಾತ್ರ. ಅದೂ ಹೋದರೆ ಹೆಂಡತಿ ಮಗಳ ಮುಖವನ್ನು ಫೋಟೋದಲ್ಲೇ ನೋಡಬೇಕು.

ತನ್ನ ವಾರದ ರಜೆಯ ದಿನ ಏಳುವಾಗಲೇ ಅವನಿಗೆ ಹೊಳೆಯಿತು.

"ಬಿಸ್ಕತ್ತನ್ನ ಪ್ಯಾಕೆಟ್‌ನಲ್ಲಿ ರಾಶಿ ಹಾಕ್ತೀವೇನೇ? ಒಂದಕ್ಕೊಂದು ತಾಗಿಸಿ ನಿಲ್ಲಿಸ್ತೀವಿ," ಎಂದು ಹೆಂಡತಿಗೆ ಹೇಳಿ, ಡ್ರಿಲ್ಲು, ಕೊಕ್ಕೆಗಳ ಸಮೇತ ಕೆಳಗಿಳಿದ. ಒಂದು ಸೈಕಲ್ಲಿನ ತಲೆ ಮೇಲೆ, ಪಕ್ಕದ್ದರ ತಲೆ ಕೆಳಗೆ ಮಾಡಿ ಗೋಡೆಗೆ ನೇತುಹಾಕಿದರೆ ಹ್ಯಾಂಡಲ್ಲಿಗೆ ಹ್ಯಾಂಡಲ್ಲು ತಾಗುವುದಿಲ್ಲ. ಯಾರಿಗೆ ಯಾವುದು ಬೇಕೋ ಅದನ್ನಷ್ಟೇ ಇಳಿಸಿಕೊಳ್ಳಬಹುದು.

ಡ್ರಿಲ್ಲು ಗುರ್ ಎಂದದ್ದೇ ತಡ, ಸಲಹೆಗಾರರು ಇಳಿದರು. ಗಾರೆ ಉದುರಿ ಪ್ಯಾಕರ್ ಹಿಟ್ಟಿನ ಗಿರಣಿಯಿಂದ ಬಂದವನಂತಾದ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕೊಕ್ಕೆಗಳಿಗೆಂದು ಗೋಡೆಯ ಉದ್ದಕ್ಕೂ ಒಂದು ಗೆರೆ ಎಳೆದರು. ಎಂಥಾ ಚಂದದ ಗೆರೆ ಎಂದರೆ, ಅದು ಒಳಮೂಲೆಗೆ ಹೋಗುತ್ತ ಹೋಗುತ್ತ ಸೂರಿನತ್ತ ಏರಿದ್ದು ಯಾರಿಗೂ ತಿಳಿಯಲಿಲ್ಲ. ಮೇಲಿನ ಮನೆಯ, ಎಲ್ಲರೂ ಅತ್ತೆ ಎಂದೇ ಕರೆಯುವ ಹೆಂಗಸು ತಮ್ಮ ಸೈಕಲ್ಲನ್ನು ತಲೆಕೆಳಗೆ ಹಾಕಬೇಡವೆಂದು ಪಟ್ಟು ಹಿಡಿದರು. ತಮಗೇ ತಲೆ ಸುತ್ತುತ್ತದಂತೆ.

ಪ್ಯಾಕರ್ ಸ್ಟೂಲು ಹತ್ತಿ ಮೊದಲ ಸೈಕಲ್ಲನ್ನು ಏರಿಸುವಾಗ ಮೇಷ್ಟ್ರು ಹಿಂದಿನ ಚಕ್ರ ಹಿಡಿದಿದ್ದರು. ದೂರದಿಂದ ಹೇಗೆ ಕಾಣುತ್ತದೋ ನೋಡೋಣವೆಂದು ಅವರು ಕೈಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದರು. ಸೈಕಲ್ಲು ನೆಲಕ್ಕೆ, ಸ್ಟೂಲು ಮೂಲೆಗೆ. ಪ್ಯಾಕರ್ ಮಾತ್ರ ಅಂಗಿಯ ಕಾಲರು ಕೊಕ್ಕೆಗೆ ಸಿಕ್ಕಿ, ಒಣಗಲು ಹಾಕಿದ ಬಟ್ಟೆಯಂತೆ ಗೋಡೆಗೆ ನೇತಾಡಿದ.

"ಕೊಕ್ಕೆ ಗಟ್ಟಿಯಾಗಿದೆ ಕಣಯ್ಯ," ಎಂದರು ಮೇಷ್ಟ್ರು. "ನಿನ್ನನ್ನೇ ತಡಕೊಂಡಿದೆ ಅಂದ್ಮೇಲೆ ಸೈಕಲ್ ಏನು ಮಹಾ."

ಮಧ್ಯಾಹ್ನದ ಹೊತ್ತಿಗೆ ಕೊಕ್ಕೆಗಳೆಲ್ಲ ಕೂತವು. ಯಾರಿಗೆ ಯಾವುದು ಎಂಬ ಜಗಳ ಎದ್ದಿತು. ಪ್ಯಾಕರ್ ಹರಿದ ಕಾಲರಿನಲ್ಲೇ ನ್ಯಾಯಾಧೀಶನಾದ: ಬೆಳಿಗ್ಗೆ ಮೊದಲು ಹೊರಡುವವರದು ಬಾಗಿಲ ಪಕ್ಕ, ತಡವಾಗಿ ಹೊರಡುವವರದು ಒಳಗೆ. ಆಕ್ಷೇಪವಿದ್ದವರು ಈಗಲೇ ಹೇಳಬೇಕು, ಆಮೇಲೆ ಬದಲಿಲ್ಲ. ಎಲ್ಲರೂ ತಲೆಯಾಡಿಸಿದರು.

ಹೊಡೆತ ಬಿದ್ದದ್ದು ಒಬ್ಬನಿಗೇ. ಅವನೂ ಅದೇ ಕಾರ್ಖಾನೆಯ ಪ್ಯಾಕರ್, ಎರಡನೇ ಪಾಳಿಯವನು. ಕರೆಯದಿದ್ದರೂ ಸಹಾಯಕ್ಕೆ ಬರುತ್ತಾನೆಂದು ಅವನನ್ನು ಎಲ್ಲರೂ ಉಪಕಾರಿ ಎನ್ನುತ್ತಿದ್ದರು. ಕೊನೆಗೆ ಬರುವವನಾದ್ದರಿಂದ ಅವನ ಸೈಕಲ್ಲು ಇಷ್ಟು ವರ್ಷ ಬಾಗಿಲಲ್ಲೇ ರಾಜನಂತೆ ನಿಂತಿತ್ತು. ಈಗ ಅವನ ಪಾಲಿಗೆ ಬಂದದ್ದು ಒಳಮೂಲೆಯಲ್ಲಿ, ಏಣಿಯಿಲ್ಲದೆ ಎಟುಕದ ಕೊಕ್ಕೆ. ಉಪಕಾರಿ ಅದನ್ನು ಕತ್ತೆತ್ತಿ ನೋಡಿದ.

"ನ್ಯಾಯ ಅಂದ್ರೆ ನ್ಯಾಯ ಅಣ್ಣ. ನನ್ನದೇನೂ ತಕರಾರಿಲ್ಲ," ಎಂದು ಸೈಕಲ್ಲು ಹತ್ತಿ ಕೆಲಸಕ್ಕೆ ಹೋದ.

ಸಂಜೆ ಪ್ಯಾಕರ್ ಹೆಂಡತಿ ಮಗಳನ್ನು ಕರೆತಂದು, ಬಾಗಿಲ ಪಕ್ಕದ ಕೊಕ್ಕೆಯಿಂದ ತನ್ನ ಸೈಕಲ್ಲನ್ನು ಇಳಿಸಿ ತೋರಿಸಿದ. ಒಂದು ಬೆಲ್ಲೂ ಕಿಣಿ ಎನ್ನಲಿಲ್ಲ. ಮಗಳು ಚಪ್ಪಾಳೆ ತಟ್ಟುತ್ತಿದ್ದಂತೆ ಉಪಕಾರಿ ಒಳಗೆ ಬಂದ. ಅವನ ಪಾಳಿ ಮುಗಿಯಲು ಇನ್ನೂ ಬಹಳ ಹೊತ್ತಿತ್ತು.

"ಏನಪ್ಪ, ಇಷ್ಟು ಬೇಗ?"

"ನಾಳೆ ಬೆಳಿಗ್ಗೇನೇ ಹೋಗ್ಬೇಕಲ್ಲಣ್ಣ, ಅದಕ್ಕೆ ಬೇಗ ಬಿಟ್ರು. ಪಾಪ, ನೀನು ದಿನಾ ಬೆಳಿಗ್ಗೆ ಎಷ್ಟು ಒದ್ದಾಡ್ತೀಯ ಅಂತ ಫೋರ್‌ಮನ್‌ಗೆ ಬಿಡಿಸಿ ಹೇಳ್ದೆ. ಅವರಿಗೂ ಕರುಳು ಚುರ್ ಅಂತು. ನಾಳೆಯಿಂದ ನಿನ್ನ ಶಿಫ್ಟ್ ನನಗೆ, ನನ್ನದು ನಿನಗೆ. ಇನ್ಮೇಲೆ ಆರಾಮಾಗಿ ನಿದ್ದೆ ಮಾಡು."

ಪ್ಯಾಕರ್ ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ. ಇಂಥ ನೆರೆಯವರು ಯಾರಿಗೆ ಸಿಗುತ್ತಾರೆ ಎಂದು ಅಲ್ಲೇ ನಿಂತಿದ್ದ ಅತ್ತೆ ಕಣ್ಣೊರೆಸಿಕೊಂಡರು. ಉಪಕಾರಿ ತನ್ನ ಸೈಕಲ್ಲನ್ನು ಬಾಗಿಲ ಪಕ್ಕದ ಕೊಕ್ಕೆಗೆ ಒಂದೇ ಕೈಯಲ್ಲಿ ನೇತುಹಾಕಿ, ಕೆಲಸವೆಂದರೆ ಹೀಗಿರಬೇಕು ಎಂದು ಮನಸಾರೆ ಹೊಗಳಿದ. ಆಮೇಲೆ ತಾನೇ ಹೋಗಿ ಏಣಿ ತಂದು ಒಳಮೂಲೆಗೆ ಒರಗಿಸಿದ.

ಸೈಕಲ್ಲು ಹೆಗಲ ಮೇಲೆ ಹೊತ್ತು ಪ್ಯಾಕರ್ ಅರ್ಧ ಏಣಿ ಹತ್ತಿ ಕೆಳಗೆ ನೋಡಿದ.

"ಹೆದರಬೇಡ, ಹತ್ತಣ್ಣ," ಎಂದ ಉಪಕಾರಿ. "ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ."