ಗಾಳಿ ಕಾಳಿಯಾದದ್ದು

ಅಬ್ಬರದ ಸಂಗೀತಕ್ಕೆ ಒಂದು ದೊಡ್ಡ ಗುಣವಿದೆ. ಅದರಲ್ಲಿ ಯಾರು ಏನು ಹೇಳುತ್ತಿದ್ದಾರೆಂದು ಯಾರಿಗೂ ತಿಳಿಯುವುದಿಲ್ಲ. ಚೆನ್ನೈನ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನಾವು ನಾಲ್ವರು ಕಟ್ಟಿಕೊಂಡಿದ್ದ ರಾಕ್ ಬ್ಯಾಂಡು ಈ ಗುಣದ ಮೇಲೆಯೇ ಬದುಕಿತ್ತು. ಸೆಲ್ವಂ ಇಂಗ್ಲಿಷಿನಲ್ಲಿ ಅರಚುತ್ತಿದ್ದ, ನಾನು ಡ್ರಮ್ ಬಡಿಯುತ್ತಿದ್ದೆ, ಉಳಿದಿಬ್ಬರು ಗಿಟಾರಿನ ತಂತಿಗಳ ಮೇಲೆ ಹಗೆ ತೀರಿಸಿಕೊಳ್ಳುತ್ತಿದ್ದರು. ಹೀಗಿರುವಾಗ ಸೆಲ್ವಂಗೆ ಮದುವೆ ನಿಶ್ಚಯವಾಯಿತು, ಮನಸ್ಸು ಬೆಣ್ಣೆಯಾಯಿತು. "ಇನಿಮೇ ಸತ್ತಂ ವೇಂಡಾಂ ಮಚ್ಚಾನ್" ಎಂದ. ಇನ್ನು ಸದ್ದು ಬೇಡ, ಮೆಲುದನಿಯ ಪಾಪ್ ಹಾಡು ಸಾಕು, ಅದೂ ಒಬ್ಬೊಬ್ಬರ ಸ್ವಂತ ಬದುಕಿನಿಂದಲೇ ಬರಬೇಕು ಎಂದು ಅಪ್ಪಣೆಯಾಯಿತು. ನನ್ನ ಕೈಯ ಕೋಲು ಕಸಿದುಕೊಂಡು ತಂತಿಯ ಬ್ರಷ್ ಕೊಟ್ಟರು. ಅದರಿಂದ ಡ್ರಮ್ ಸವರಿದರೆ ಅಂಗಳ ಗುಡಿಸಿದ ಸದ್ದು ಬರುತ್ತದೆ.

ಸ್ವಂತ ಬದುಕು ಎಂದು ನನಗಿದ್ದದ್ದು ಆಗ ಒಂದೇ, ಹೆಂಡತಿ ಗೀತಾಳ ಮೌನ. ಮೈಸೂರಿನಿಂದ ಬರುವವಳನ್ನು ಕರೆತರಲು ಕೋಯಂಬೇಡು ಬಸ್ ನಿಲ್ದಾಣಕ್ಕೆ ಹೋಗಬೇಕಾದವನು ತಾಲೀಮಿನಲ್ಲಿ ಮೈಮರೆತಿದ್ದೆ. ಚೀಲಗಳನ್ನೂ ಒಂದು ಹಲಸಿನಹಣ್ಣನ್ನೂ ಕಾಲಬಳಿ ಇಟ್ಟುಕೊಂಡು, ಬಿಸಿಲಲ್ಲಿ ಕಾದು ಕಾದು, ಕೊನೆಗೆ ಆಟೋ ಹಿಡಿದು ಅವಳೇ ಮೈಲಾಪೂರಿನ ಮನೆ ಸೇರಿದಳು. ಅವತ್ತಿನಿಂದ ಮಾತಿಲ್ಲ. "ಊಟಕ್ಕೆ ಹಾಕಿದೆ" ಎಂಬುದನ್ನೂ ಫ್ರಿಜ್ಜಿಗೆ ಹೇಳುತ್ತಿದ್ದಳು. ಜಗಳವಾಡುವ ಹೆಂಡತಿಯನ್ನು ಹೇಗೋ ನಿಭಾಯಿಸಬಹುದು, ಮಾತು ಬಿಟ್ಟವಳ ಮುಂದೆ ನಾನು ಮಳೆಯಲ್ಲಿ ನೆಂದ ಬೆಕ್ಕು. ಭಯವಾಗಿತ್ತು, ನಿಜವಾಗಿಯೂ ಭಯ. ಎದುರು ನಿಂತು ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಕನ್ನಡದಲ್ಲಿ ಹಾಡು ಬರೆದೆ: "ನನ್ನೊಲವಿನ ಗಾಳಿ, ಮರಳಿ ಸುಳಿ ಗಾಳಿ, ನೀನಿಲ್ಲದೆ ಮನೆಯಲ್ಲಿ ಉಸಿರಿಲ್ಲ." ಸೆಲ್ವಂ ಮೆಚ್ಚಿ ತಮಿಳು ಲಿಪಿಯಲ್ಲಿ ಬರೆದುಕೊಂಡ. ಗಂಟಲು ಉಳಿಸಲೆಂದು ತಾಲೀಮಿನಲ್ಲೆಲ್ಲ ಬರೀ ಲಲಲಾ ಎಂದ. ಕಾರ್ಯಕ್ರಮದ ಪಾಸನ್ನು ನಾನು ಫ್ರಿಜ್ಜಿನ ಮೇಲಿಟ್ಟೆ. ಗೀತಾ ಬಂದಳು. ಎರಡನೆಯ ಸಾಲಿನಲ್ಲಿ ಕೈಕಟ್ಟಿ ಕೂತಳು.

"ನನ್ನೊಲವಿನ ಕಾಳಿ" ಎಂದು ಸೆಲ್ವಂ ಬಲು ಮಧುರವಾಗಿ ಶುರುಮಾಡಿದ.

ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪದದ ಮೊದಲಿಗೆ ಬಂದರೆ ಕ ಎಂದೇ ಓದುತ್ತಾರೆ ಎಂಬುದು ನನಗೆ ವೇದಿಕೆಯ ಮೇಲೆ ಹೊಳೆಯಬೇಕೆ? ಗೀತಾಳ ಹುಬ್ಬು ಮೇಲೇರಿತು. ಅವಳ ಮುಂದಿನ ಸಾಲಿನ ಮಾಮಿಯೊಬ್ಬರು ದೇವಿಯ ಹೆಸರು ಕೇಳಿ ಭಕ್ತಿಯಿಂದ ಗಲ್ಲಗಲ್ಲ ತಟ್ಟಿಕೊಂಡರು. ಹಾಡಿನಲ್ಲಿ ಇನ್ನೂ ಆರೇಳು ಗಾಳಿಗಳಿದ್ದವು. ಹಿಂದಿನ ಕಾಲವಾಗಿದ್ದರೆ ಎಲ್ಲ ಗಿಟಾರಿನಡಿ ಮುಚ್ಚಿಹೋಗುತ್ತಿತ್ತು. ಈ ಹಾಳು ಮೆಲುದನಿಯಲ್ಲಿ ಫ್ಯಾನು ತಿರುಗುವುದೂ ಕೇಳಿಸುತ್ತಿತ್ತು. ಬ್ರಷ್ ಎಸೆದೆ. ಚೀಲದಿಂದ ಹಳೆಯ ಕೋಲು ಎಳೆದುಕೊಂಡೆ. ಸೆಲ್ವಂ "ಕಾ" ಎಂದು ಬಾಯಿ ತೆರೆದಾಗಲೆಲ್ಲ ಢಂ ಎಂದು ಬಡಿದೆ. ಅವನು ತಿರುಗಿ ಕಣ್ಣು ಕೆಂಪಗೆ ಮಾಡಿದ. ನಾನು ಬೆವರಿನಲ್ಲಿ ತೊಯ್ದು ಮತ್ತೂ ಬಡಿದೆ. ಒಂದು ಕಾಳಿಯೂ ನನ್ನ ಕೈಯಿಂದ ಪಾರಾಗಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಮಾಮಿ ಕೈಮುಗಿದರು.

ಹೊರಗೆ ಬಸ್ ಸ್ಟಾಪಿನಲ್ಲಿ ಗೀತಾ ದೂರ ನಿಂತಿದ್ದಳು. ಹತ್ತಿರ ಹೋಗಿ, "ಅದು ಕಾಳಿ ಅಲ್ಲ ಕಣೇ, ಗಾಳಿ. ಇವರ ಲಿಪೀಲಿ ಏನಾಗುತ್ತೆ ಅಂದ್ರೆ..." ಎಂದು ವ್ಯಾಕರಣ ಶುರುಮಾಡಿದೆ.

"ಗೊತ್ತು ರೀ" ಎಂದಳು. ಹಲಸಿನಹಣ್ಣಿನ ನಂತರ ನನ್ನೊಡನೆ ಆಡಿದ ಮೊದಲ ಮಾತು. "ಬಸ್ ಬೋರ್ಡ್ ಓದ್ಕೊಂಡೇ ತಮಿಳು ಕಲ್ತೋಳು ನಾನು. ಮೊದಲನೇ ಸಲಾನೇ ಗೊತ್ತಾಯ್ತು. ನಂಗೇ ಏನೋ ಹೇಳ್ತಿದ್ದೀರಲ್ಲ, ಕೇಳೋಣ ಅಂತ ಕೂತ್ರೆ, ನನ್ನ ಕರೆಯೋ ಕಡೆಯಲ್ಲೆಲ್ಲ ಢಂ ಢಂ ಅಂತ ಬಡಿದ್ರಿ. ಈಗ ಹೇಳಿ. ಬಾಯಲ್ಲಿ."

ಬಾಯಿ ತೆರೆದೆ. ಮಾತಿಗಿಂತ ಮೊದಲು ನನ್ನ ಬೆರಳುಗಳು ಪಕ್ಕದ ಕಂಬಿಯ ಮೇಲೆ ಟಕಟಕ ಶುರುಮಾಡಿದ್ದವು. ಗೀತಾ ಆ ಕೈಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದಳು, ಮತ್ತೆ ಬಿಡಲಿಲ್ಲ. ಬಡಿಯಲು ಏನೂ ಸಿಗದೆ, ಕೊನೆಗೆ ನಾನು "ತಪ್ಪಾಯ್ತು" ಎಂದೆ.

"ಅಷ್ಟು ಮೆತ್ತಗೆ ಹೇಳಿದ್ರೆ ಯಾರಿಗೆ ಕೇಳಿಸುತ್ತೆ?" ಎಂದಳು. "ಸ್ವಲ್ಪ ಜೋರಾಗಿ ಹೇಳಿ."